ಬಡಾವಣೆಗೆ ಮಳೆನೀರು ನುಗ್ಗದಿರಲು: ಮೊದಲು ನೀರು ಕಟ್ಟಿಕೊಳ್ಳುವ ಇಕ್ಕಟ್ಟು ಹುಡುಕಿ

ಬೆಂಗಳೂರಿನ ಹೊರವಲಯದ ಬಡಾವಣೆಗೆ ನೀರು ನುಗ್ಗಿದರೆ ಜನ ಮೊದಲು ಕೇಳುವುದು ದೊಡ್ಡ ಚರಂಡಿ. ಅದಕ್ಕೂ ಮುಂಚೆ ತಿಳಿಯಬೇಕಾದ್ದು, ರಸ್ತೆಯಲ್ಲಿ ನಿಂತ ನೀರು ಎಲ್ಲಿಯದು ಎಂಬುದು. ನಿಮ್ಮ ಬಡಾವಣೆಯ ಮೇಲೇ ಬಿದ್ದದ್ದೇ? ಮೇಲಿನಿಂದ ಹರಿದು ಬಂದದ್ದೇ? ಚರಂಡಿಗಳ ಮಳೆನೀರು ಸೇರುವ ದೊಡ್ಡ ಕಾಲುವೆ, ಅಂದರೆ ರಾಜಕಾಲುವೆ, ತುಂಬಿ ಹಿಂದಕ್ಕೆ ತಳ್ಳಿದ್ದೇ? ಮೂರಕ್ಕೂ ಮದ್ದು ಬೇರೆ. ಸರ್ಜಾಪುರ ರಸ್ತೆಯ ರೇನ್‌ಬೋ ಡ್ರೈವ್ ಬಡಾವಣೆ ಮಳೆನೀರನ್ನು ನೆಲಕ್ಕಿಳಿಸುವ ಇಂಗುಬಾವಿಗಳಿಗೇ ಹೆಸರಾಗಿತ್ತು. 2022ರ ಸೆಪ್ಟೆಂಬರ್‌ನಲ್ಲಿ ಅಲ್ಲೂ ನೀರು ತುಂಬಿತು. ತಗ್ಗಿನ ಬಡಾವಣೆಗೆ ಸುತ್ತಲಿನ ಎತ್ತರದ ನೀರು ಇಳಿದು ಬಂದರೆ ಎಷ್ಟು ಇಂಗುಬಾವಿ ಇದ್ದರೂ ಸಾಲದು.

ಗ್ರಾಮ ನಕ್ಷೆಯಿಂದ ಶುರು ಮಾಡಿ. ಹಳ್ಳ, ಕಾಲುವೆ, ಕೆರೆ, ಕೋಡಿ ಎಲ್ಲಿದ್ದವು ಎಂದು ಗುರುತು ಹಾಕಿಕೊಳ್ಳಿ. ನೀವು ನಿಂತ ಜಾಗದ ಸರ್ವೆ ನಂಬರ್ ದಿಶಾಂಕ್ ಆಪ್‌ನಲ್ಲಿ ಸಿಗುತ್ತದೆ. ಆಮೇಲೆ ಮೇಸ್ತ್ರಿಗಳು ಬಳಸುವ ನೀರು ತುಂಬಿದ ಲೆವೆಲ್ ಪೈಪ್ ಹಿಡಿದು ಚರಂಡಿಯ ತಳವನ್ನು ನೂರಡಿಗೊಮ್ಮೆ ಅಳೆಯಿರಿ. ನೂರಡಿಗೆ ಆರು ಇಂಚು ಇಳಿಜಾರಿದ್ದರೆ ಚೆನ್ನ. ಒಡೆದು ಮತ್ತೆ ಕಟ್ಟಿದ ಕಡೆ ತಳ ಎದ್ದು ನಿಂತಿರುವುದು, ಹಿಮ್ಮುಖ ವಾಟವಿರುವುದು ಮಾಮೂಲು. ಅಲ್ಲೇ ಹೂಳು ಕೂರುವುದು.

ಈಗ ಲೆಕ್ಕ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. 10 ಎಕರೆಯ ಬಡಾವಣೆ, ಗಂಟೆಗೆ 60 ಮಿ.ಮೀ. ಮಳೆ, ಬಿದ್ದದ್ದರಲ್ಲಿ ಶೇ. 70ರಷ್ಟು ಹರಿಯುತ್ತದೆ ಎಂದು ಹಿಡಿಯಿರಿ. ಒಂದು ಗಂಟೆಗೆ 17 ಲಕ್ಷ ಲೀಟರ್, ಅಂದರೆ ಸೆಕೆಂಡಿಗೆ ಸುಮಾರು 470 ಲೀಟರ್. ಎರಡಡಿ ಅಗಲ, ಎರಡಡಿ ಆಳದ ಕಾಂಕ್ರೀಟ್ ಚರಂಡಿ ಮೇಲೆ ಹೇಳಿದ ಇಳಿಜಾರಿನಲ್ಲಿ, ಶುಚಿಯಾಗಿದ್ದರೆ, ಸುಮಾರು 600 ಲೀಟರ್ ಸಾಗಿಸುತ್ತದೆ. ತಳದಲ್ಲಿ ಅರ್ಧ ಅಡಿ ಹೂಳು ನಿಂತಿತೆಂದರೆ 420ಕ್ಕೆ ಇಳಿಯುತ್ತದೆ, ರಸ್ತೆಗೆ ಉಕ್ಕುತ್ತದೆ. ಚರಂಡಿ ಚಿಕ್ಕದೆಂದು ದೂರುವ ಎಷ್ಟೋ ಕಡೆ ನಿಜವಾದ ಕೊರತೆ ಈ ಅರ್ಧ ಅಡಿ.

ಅದಕ್ಕಿಂತ ಕೆಟ್ಟದ್ದು ಗೇಟಿನ ಮುಂದಿನ ರ‍್ಯಾಂಪ್. ಕಾರು ಹತ್ತಲೆಂದು ಮನೆಯವರು ಚರಂಡಿಯೊಳಗೆ ಒಂದಡಿ ವ್ಯಾಸದ ಪೈಪ್ ಇಟ್ಟು ಮೇಲೆ ಕಾಂಕ್ರೀಟ್ ಸುರಿದಿರುತ್ತಾರೆ. ಅದೇ ಇಳಿಜಾರಿನಲ್ಲಿ ಆ ಪೈಪ್ ಸಾಗಿಸುವುದು ಸೆಕೆಂಡಿಗೆ 60 ಲೀಟರ್ ಮಾತ್ರ, ಚರಂಡಿಯ ಹತ್ತನೇ ಒಂದು ಪಾಲು. ಬೀದಿಯ ತುದಿಯ ಮನೆಯಲ್ಲಿ ಇಂಥದ್ದೊಂದಿದ್ದರೆ ಮೇಲಿನವರೆಲ್ಲ ಎಷ್ಟು ಹೂಳೆತ್ತಿದರೂ ದಂಡ. ಬೀದಿ ಬೀದಿ ನಡೆದು ಪ್ರತಿ ರ‍್ಯಾಂಪ್ ಕೆಳಗೆ ಟಾರ್ಚ್ ಹಾಕಿ ನೋಡಿ. ಪೈಪ್ ಕಿತ್ತು, ಚರಂಡಿಯ ಪೂರ್ತಿ ಅಗಲ ಬಿಟ್ಟು, ಎತ್ತಿ ಇಡಬಹುದಾದ ಚಪ್ಪಡಿ ಇಲ್ಲವೇ ಕಬ್ಬಿಣದ ಜಾಲರಿ ಹಾಕಿಸಿ. ನೆರೆಯವರೊಡನೆ ಮಾತು ಬೆಳೆಯುವುದು ಇಲ್ಲೇ. ಅಳತೆ ಕೈಯಲ್ಲಿದ್ದರೆ ಒಪ್ಪಿಸುವುದು ಸುಲಭ.

ಹೂಳೆತ್ತುವುದು ವರ್ಷಕ್ಕೆ ಎರಡು ಸಲ: ಮುಂಗಾರುಪೂರ್ವ ಮಳೆಗೆ ಮುಂಚೆ ಮಾರ್ಚ್‌ನಲ್ಲಿ, ಸೆಪ್ಟೆಂಬರ್-ಅಕ್ಟೋಬರ್‌ನ ಜೋರು ಮಳೆಗೆ ಮುಂಚೆ ಆಗಸ್ಟ್‌ನಲ್ಲಿ. ತೆಗೆದ ಹೂಳು ಅದೇ ದಿನ ಟ್ರ್ಯಾಕ್ಟರ್ ಹತ್ತಬೇಕು. ದಂಡೆಯಲ್ಲಿ ಬಿಟ್ಟದ್ದು ಮೊದಲ ಮಳೆಗೇ ವಾಪಸ್.

ದಾರಿ ಬಿಡಿಸಿದ ಮೇಲೆ ಇಂಗುಬಾವಿ. ಮೂರಡಿ ವ್ಯಾಸ, ಇಪ್ಪತ್ತಡಿ ಆಳದ ಬಾವಿ 4,000 ಲೀಟರ್ ಹಿಡಿಯುತ್ತದೆ. ಸಾವಿರ ಚದರಡಿ ತಾರಸಿಯಿಂದ 60 ಮಿ.ಮೀ. ಮಳೆಗೆ ಬರುವುದು ಸುಮಾರು 5,000 ಲೀಟರ್. ಹಾಗಾಗಿ ಮನೆಗೊಂದು ಬಾವಿಯಿದ್ದರೆ ಆ ಮನೆಯ ಬಹುಪಾಲು ನೀರು ರಸ್ತೆಗೆ ಬರುವುದಿಲ್ಲ. ತೋಡುವ ಮೊದಲು ಒಂದಡಿ ಗುಂಡಿ ತೆಗೆದು ಎರಡು ಸಲ ನೀರು ತುಂಬಿ ಇಂಗಲು ಬಿಡಿ, ಮೂರನೇ ಸಲ ಗಂಟೆಗೆ ಎಷ್ಟು ಇಳಿಯಿತು ಅಳೆಯಿರಿ. ಒಂದಿಂಚಿಗಿಂತ ಕಡಿಮೆಯಾದರೆ ಮೇಲ್ಪದರ ಜೇಡಿ. ಅದನ್ನು ದಾಟಿ ಮೊರಂ (ಗರಸು ಮಣ್ಣು) ಸಿಗುವವರೆಗೆ ಹೋಗಬೇಕು. ತೂತಿರುವ ಸಿಮೆಂಟ್ ರಿಂಗ್ ಇಳಿಸಿ, ರಿಂಗಿಗೂ ಮಣ್ಣಿಗೂ ನಡುವೆ 40 ಮಿ.ಮೀ. ಜಲ್ಲಿ ತುಂಬಿಸಿ. ತಳಕ್ಕೆ ಕಾಂಕ್ರೀಟ್ ಬೇಡ. ಬಾವಿಯೊಳಗೇ ಜಲ್ಲಿ ತುಂಬುವುದು ದೊಡ್ಡ ತಪ್ಪು: 4,000 ಲೀಟರಿನ ಜಾಗ 1,600ಕ್ಕೆ ಇಳಿಯುತ್ತದೆ, ಹೂಳು ತೆಗೆಯಲೂ ಆಗದು. ಬಾವಿಗೆ ಮುಂಚೆ ಎರಡಡಿ ಉದ್ದ, ಅಗಲ, ಆಳದ ಹೂಳಿನ ತೊಟ್ಟಿ ಇರಲಿ, ಮೇಲೆ ಭದ್ರವಾದ ಮುಚ್ಚಳವಿರಲಿ. ಕೊಳಚೆ ಬೆರೆತ ಚರಂಡಿ ನೀರನ್ನು ಯಾವತ್ತೂ ಬಿಡಬೇಡಿ, ಅದು ಅಂತರ್ಜಲಕ್ಕೆ ಸೇರುತ್ತದೆ. ಕೆರೆಯ ಪಕ್ಕ, ಮಳೆಗಾಲದಲ್ಲಿ ಹತ್ತಡಿಗೇ ನೀರು ಕಾಣುವ ಜಾಗದಲ್ಲಿ ಇಂಗುಬಾವಿ ತೋಡಿ ಫಲವಿಲ್ಲ.

ಐವತ್ತು ಬಾವಿ ಸೇರಿದರೂ 2 ಲಕ್ಷ ಲೀಟರ್. ಬರುವುದು 17 ಲಕ್ಷ. ಉಳಿದದ್ದಕ್ಕೆ ಉದ್ಯಾನವನ ನೋಡಿ. 20 ಗುಂಟೆಯ ಪಾರ್ಕನ್ನು ರಸ್ತೆಗಿಂತ ಒಂದಡಿ ತಗ್ಗಿಸಿದರೆ 6 ಲಕ್ಷ ಲೀಟರ್ ಅಲ್ಲಿ ನಿಲ್ಲುತ್ತದೆ, ಮಳೆ ಬಿಟ್ಟ ಮೇಲೆ ನಿಧಾನವಾಗಿ ಚರಂಡಿಗೆ ಹೋಗುತ್ತದೆ. ಪಾರ್ಕಿಗೆ ಮಣ್ಣು ಹೊಡೆಸಿ ಎತ್ತರಿಸಿ, ಸುತ್ತ ಕಲ್ಲು ಕಟ್ಟುವ ನಮ್ಮ ರೂಢಿ ಇದಕ್ಕೆ ತೀರಾ ಉಲ್ಟಾ.

ಇನ್ನು ಹಿಮ್ಮುಖ ನೀರು. ರಾಜಕಾಲುವೆಯ ಗೋಡೆಯಲ್ಲಿ ಕಳೆದ ಮಳೆಯ ಕೆಸರಿನ ಗೆರೆ ಹುಡುಕಿ, ಅದು ನಿಮ್ಮ ಚರಂಡಿಯ ಬಾಯಿಗಿಂತ ಮೇಲಿದ್ದರೆ ಅಲ್ಲಿ ಒಂದೇ ಕಡೆಗೆ ತೆರೆಯುವ ಫ್ಲಾಪ್ ಗೇಟ್ ಬೇಕು. ಕಾಲುವೆ ಪಾಲಿಕೆಯದಾದ್ದರಿಂದ ಲಿಖಿತ ಒಪ್ಪಿಗೆ ಪಡೆಯಿರಿ. ಗೇಟ್ ಮುಚ್ಚಿದಾಗ ನಿಮ್ಮ ನೀರಿಗೂ ದಾರಿಯಿರುವುದಿಲ್ಲ ಎಂಬುದನ್ನು ಮರೆಯಬೇಡಿ. 5 ಎಚ್.ಪಿ. ಪಂಪ್ ಎತ್ತುವುದು ಸೆಕೆಂಡಿಗೆ 20-30 ಲೀಟರ್. ಬರುವ 470ರ ಮುಂದೆ ಅದು ಏನೂ ಅಲ್ಲ. ಪಾರ್ಕನ್ನು ಮೊದಲು ತಗ್ಗಿಸಿ, ಗೇಟ್ ಆಮೇಲೆ ಹಾಕಿ.

ಮಳೆ ಹೊಡೆಯುತ್ತಿರುವಾಗ ಯಾರೂ ಒಳಚರಂಡಿಯ ಮ್ಯಾನ್‌ಹೋಲ್ ಮುಚ್ಚಳ ತೆಗೆದು ರಸ್ತೆಯ ನೀರು ಬಿಡಬಾರದು. ಇಲ್ಲಿ ನೀರು ಇಳಿದಂತೆ ಕಂಡರೂ ತಗ್ಗಿನ ಮನೆಗಳ ಬಚ್ಚಲಿನಿಂದ ಕೊಳಚೆ ಉಕ್ಕುತ್ತದೆ, ಮೇಲಾಗಿ ತೆರೆದ ಮ್ಯಾನ್‌ಹೋಲ್ ಕೆಸರು ನೀರಿನಡಿ ಕಾಣುವುದಿಲ್ಲ. ತಾರಸಿ ಪೈಪನ್ನು ಒಳಚರಂಡಿಗೆ ಜೋಡಿಸಿದ ಮನೆಗಳಿದ್ದರೆ ಬೇಸಿಗೆಯಲ್ಲೇ ಬಿಡಿಸಿ. ನೆಲಮಹಡಿಯ ಮೀಟರ್ ಬೋರ್ಡ್, ಸಂಪ್ ಮೋಟಾರಿನ ಸ್ವಿಚ್ ಹಳೆಯ ನೀರಿನ ಗೆರೆಗಿಂತ ಎರಡಡಿ ಮೇಲಿರಲಿ. ನೀರು ಗೇಟು ದಾಟುವ ಮೊದಲೇ ಮೇನ್ ಆಫ್ ಮಾಡಿ.