ಪೇವ್‌ಮೆಂಟ್ ಪ್ಲೇಟು ಕೊಳ್ಳುವ ಮುಂಚೆ

ನಮ್ಮ ಮನೆಯಲ್ಲಿ ತಾತನ ಕಾಲದಿಂದ ಗ್ರಾಮಫೋನ್ ರೆಕಾರ್ಡಿಗೆ ಪ್ಲೇಟು ಅಂತಲೇ ಹೆಸರು, ಅದರ ಮೇಲೆ ಓಡುವುದು ಮುಳ್ಳು. ಮೈಸೂರು ಬಿಟ್ಟು ಕ್ಯಾಲಿಫೋರ್ನಿಯಾದ ಫ್ರೀಮಾಂಟಿಗೆ ಬಂದು ಹದಿನಾಲ್ಕು ವರ್ಷವಾದರೂ ನನ್ನ ಬಾಯಿಗೆ ‘ವೈನಿಲ್’ ಇನ್ನೂ ಒಗ್ಗಿಲ್ಲ. ಹೋದ ತಿಂಗಳು ತಂಗಿಯ ಮಗ ಫೋನ್ ಮಾಡಿ, “ಮಾವ, ಡಿಸೆಂಬರಲ್ಲಿ ಬರ್ತಾ ಪೇವ್‌ಮೆಂಟ್ ರೀಇಶ್ಯೂ ಒಂದು ತಂದುಕೊಡ್ತೀಯಾ? ಯಾವುದಾದ್ರೂ ಪರವಾಗಿಲ್ಲ” ಅಂದ. ಪೇವ್‌ಮೆಂಟ್ ಅಂದರೆ ತೊಂಬತ್ತರ ದಶಕದ ಅಮೆರಿಕನ್ ರಾಕ್ ಬ್ಯಾಂಡು, ರೀಇಶ್ಯೂ ಅಂದರೆ ಹಳೆಯ ಆಲ್ಬಮ್ಮಿನ ಮರುಮುದ್ರಣ. ಯಾವುದಾದರೂ ಪರವಾಗಿಲ್ಲ ಅನ್ನುವವನ ಕೈಗೇ ನಾಲ್ಕು ಪ್ಲೇಟಿನ ಪೆಟ್ಟಿಗೆ ಬಂದು ಬೀಳುತ್ತದೆ, ಅದರಲ್ಲಿ ಮೂರು ಪ್ಲೇಟು ಹೊರಗೇ ಬರುವುದಿಲ್ಲ. ಅವನಿಗೆ ಬರೆದು ಕಳಿಸಿದ್ದನ್ನೇ ಸ್ವಲ್ಪ ತಿದ್ದಿ ಇಲ್ಲಿ ಹಾಕುತ್ತಿದ್ದೇನೆ.

ಮೊದಲು ಯಾವ ಹಾಡು ಕೇಳಿ ಆಸೆ ಹುಟ್ಟಿತು ನೋಡಿಕೊಳ್ಳಿ. ಈಗಿನ ಹುಡುಗರಲ್ಲಿ ಬಹಳ ಜನ ‘ಹಾರ್ನೆಸ್ ಯುವರ್ ಹೋಪ್ಸ್’ ಕೇಳಿ ಬಂದವರು, ನನ್ನ ಸೋದರಳಿಯನೂ ಅಷ್ಟೇ. ಬ್ಯಾಂಡಿನ ಐದು ಆಲ್ಬಮ್‌ಗಳ ಹಾಡಿನ ಪಟ್ಟಿ ಹುಡುಕಿದರೆ ಆ ಹಾಡು ಸಿಗುವುದಿಲ್ಲ. ‘ಬ್ರೈಟನ್ ದ ಕಾರ್ನರ್ಸ್’ ಆಲ್ಬಮ್ಮಿಗೆಂದು ರೆಕಾರ್ಡ್ ಮಾಡಿ, ಹೊರಗಿಟ್ಟು, 1999ರಲ್ಲಿ ‘ಸ್ಪಿಟ್ ಆನ್ ಎ ಸ್ಟ್ರೇಂಜರ್’ ಇಪಿಗೆ (ನಾಲ್ಕೈದು ಹಾಡಿನ ಚಿಕ್ಕ ರೆಕಾರ್ಡಿಗೆ) ಸೇರಿಸಿದ ಹಾಡು ಅದು. ಸ್ಪಾಟಿಫೈ ತಾನಾಗಿ ಮುಂದಿನ ಹಾಡು ಹಾಕಿ ಹಾಕಿ ಅದನ್ನು ಬ್ಯಾಂಡಿನ ಎಲ್ಲ ಹಾಡಿಗಿಂತ ಮುಂದೆ ತಂದು ನಿಲ್ಲಿಸಿತು. 2022ರಲ್ಲಿ ಆ ಇಪಿ ಪ್ಲೇಟಾಗಿ ಮತ್ತೆ ಬಂತು. ಅದೊಂದೇ ಹಾಡು ಸಾಕು ಅನ್ನುವವರು ಅದನ್ನು ಕೊಂಡು ಸುಮ್ಮನಾಗಬಹುದು.

ಮುಂದೆ ಹೋಗುವವರಿಗೆ ನನ್ನ ಅಳತೆಗೋಲು ಒಂದೇ. ಮರುಮುದ್ರಣದಿಂದ ಕಿವಿಗೆ ಬೀಳುವುದು ಬದಲಾಗುತ್ತದೆಯೇ? ಬದಲಾಗುವುದಾದರೆ ದುಡ್ಡು ಬಿಚ್ಚಿ. ಬಣ್ಣ ಮಾತ್ರ ಬದಲಾಗುತ್ತದೆ ಅಂದರೆ ಮಾಮೂಲಿ ಕಪ್ಪು ಪ್ಲೇಟೇ ಸಾಕು.

‘ಸ್ಲ್ಯಾಂಟೆಡ್ ಆ್ಯಂಡ್ ಎನ್‌ಚಾಂಟೆಡ್’ (1992) ತೆಗೆದುಕೊಳ್ಳಿ. ಬ್ಯಾಂಡ್ ಕಟ್ಟಿದ ಸ್ಟೀಫನ್ ಮಾಲ್ಕ್‌ಮಸ್, ಸ್ಕಾಟ್ ಕನ್‌ಬರ್ಗ್ ಇಬ್ಬರೂ ಕ್ಯಾಲಿಫೋರ್ನಿಯಾದ ಸ್ಟಾಕ್‌ಟನ್ ಊರಿನಲ್ಲಿ ಬೆಳೆದವರು. ಅಲ್ಲೇ ಡ್ರಮ್ಮರ್ ಗ್ಯಾರಿ ಯಂಗ್ ಮನೆಯಲ್ಲಿ ಇಟ್ಟುಕೊಂಡಿದ್ದ ಸ್ಟುಡಿಯೋದಲ್ಲಿ ಇದು ರೆಕಾರ್ಡ್ ಆಯಿತು. ಯಂಗ್ ಇವರಿಗಿಂತ ಹತ್ತು ವರ್ಷಕ್ಕೂ ಹೆಚ್ಚು ದೊಡ್ಡವನು. ಸಂಗೀತ ಕಛೇರಿಗೆ ಬಂದವರಿಗೆ ಬಾಗಿಲಲ್ಲಿ ನಿಂತು ಎಲೆಕೋಸು ಹಂಚುತ್ತಿದ್ದ ಆಸಾಮಿ. ಧ್ವನಿಯೂ ಹಾಗೆಯೇ, ಗರಗರ, ಅಂಚು ಹರಿದದ್ದು, ಹಾಡುವವನು ಪಕ್ಕದ ಕೋಣೆಯಲ್ಲಿದ್ದಾನೇನೋ ಅನ್ನಿಸುವಂಥದ್ದು. ನಾನು ಮೊದಲ ಸಲ ಹಾಕಿದಾಗ ಮುಳ್ಳು ಹಾಳಾಗಿದೆ ಅಂದುಕೊಂಡು ಟರ್ನ್‌ಟೇಬಲ್ ನಿಲ್ಲಿಸಿ, ಮುಳ್ಳಿನ ತುದಿಯನ್ನು ಮೊಬೈಲ್ ಟಾರ್ಚಿನಲ್ಲಿ ನೋಡಿದ್ದೆ. ಮುಳ್ಳು ನೆಟ್ಟಗಿತ್ತು. ಆ ಗರಗರ ಟೇಪಿನೊಳಗೇ ಇರುವುದರಿಂದ 180 ಗ್ರಾಂ ತೂಕದ ದಪ್ಪ ಪ್ಲೇಟಿನ ಮೇಲೆ ಒತ್ತಿದರೂ ಹೋಗುವುದಿಲ್ಲ. 2022ರಲ್ಲಿ ಆಲ್ಬಮ್ಮಿಗೆ ಮೂವತ್ತು ತುಂಬಿದಾಗ ಬಣ್ಣ ಎರಚಿದ ಪ್ಲೇಟೊಂದು ಬಂತು. ನೋಡಲು ಹೋಳಿ ಮರುದಿನದ ಅಂಗಳ, ಕೇಳಲು ಅದೇ ಆಲ್ಬಮ್. ಈ ಕಾಲದ ಬಿಡಿ ಹಾಡುಗಳು ಬೇಕಾದರೆ ‘ದ ಸೀಕ್ರೆಟ್ ಹಿಸ್ಟರಿ, ಸಂಪುಟ 1’ ನೋಡಿ. 2002ರ ಡಬಲ್ ಸಿಡಿಯಲ್ಲಿದ್ದ ಹೆಚ್ಚುವರಿ ಸರಕನ್ನು 2015ರಲ್ಲಿ ಎರಡು ಪ್ಲೇಟಿಗೆ ತಂದದ್ದು. ಎರಡನೇ ಸಂಪುಟಕ್ಕೆ ನಾನಿನ್ನೂ ಕಾಯುತ್ತಿದ್ದೇನೆ.

‘ಕ್ರೂಕೆಡ್ ರೇನ್, ಕ್ರೂಕೆಡ್ ರೇನ್’ (1994) ಮೊದಲ ಪ್ಲೇಟಾಗಿ ಯಾರಿಗೂ ಮೋಸ ಮಾಡುವುದಿಲ್ಲ. ‘ಗೋಲ್ಡ್ ಸೌಂಡ್ಸ್’, ‘ಕಟ್ ಯುವರ್ ಹೇರ್’ ಎರಡೂ ಇದರಲ್ಲೇ ಇವೆ. ಒಂಟಿ ಪ್ಲೇಟು ಸಾಕು. ಸಾಧ್ಯವಾದರೆ ಅಂಗಡಿಗೇ ಹೋಗಿ ಕೊಳ್ಳಿ.

ನಾನು ಬರ್ಕ್ಲಿಯ ಟೆಲಿಗ್ರಾಫ್ ಅವೆನ್ಯೂದಲ್ಲಿರುವ ಅಮೀಬಾ ಅನ್ನುವ ರೆಕಾರ್ಡ್ ಅಂಗಡಿಯಲ್ಲಿ ಹಳೆಯ ಪ್ರತಿ ಕೊಂಡಿದ್ದೆ. ಮರುದಿನ ಭಾನುವಾರ, ಜುಲೈ. ಈ ಬ್ಯಾಂಡಿನ ಊರು ನೋಡಿಬರೋಣ ಅಂತ ಹುಚ್ಚು ಹತ್ತಿ ಸ್ಟಾಕ್‌ಟನ್‌ಗೆ ಹೊರಟೆ. ಬ್ಯಾಂಡಿನ ಗುರುತು ಹೇಳುವಂಥದ್ದು ಏನೂ ಕಣ್ಣಿಗೆ ಬೀಳಲಿಲ್ಲ. ಆದರೆ ಆ ಊರಿನಲ್ಲಿ 1912ರ ಗುರುದ್ವಾರ ಇದೆ, ಅಮೆರಿಕದ ಮೊಟ್ಟಮೊದಲನೆಯದು, ಭಾರತದ ಸ್ವಾತಂತ್ರ್ಯಕ್ಕೆ ಹೋರಾಡಿದ ಗದರ್ ಚಳವಳಿಯವರು ಓಡಾಡಿದ ಜಾಗ. ಅಲ್ಲಿ ಲಂಗರಿನಲ್ಲಿ ಕೂತು ದಾಲ್, ರೊಟ್ಟಿ ಹೊಡೆದೆ. ಪಕ್ಕದಲ್ಲಿ ಕೂತ ಅಜ್ಜ ‘ಇನ್ನೊಂದು, ಇನ್ನೊಂದು’ ಅಂತ ರೊಟ್ಟಿ ಹಾಕಿಸಿದರು. ಹೊರಗೆ ಬಂದಾಗ ಕಾರಿನ ಸ್ಟೇರಿಂಗ್ ಮುಟ್ಟಲಾಗದಷ್ಟು ಕಾದಿತ್ತು, ಹಿಂದಿನ ಸೀಟಿನಲ್ಲಿ ಚೀಲ, ಚೀಲದಲ್ಲಿ ‘ಕ್ರೂಕೆಡ್ ರೇನ್’. ಹೆಸರಿಗೆ ತಕ್ಕಂತೆ ಪ್ಲೇಟೂ ಸೊಟ್ಟಗಾಗಿತ್ತು. ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಒಂದು ಅಂಚು ಎದ್ದು ನಿಂತಿತ್ತು. ಪುಸ್ತಕದ ಕೆಳಗೆ ವಾರಗಟ್ಟಲೆ ಇಟ್ಟರೂ ಇಳಿಯಲಿಲ್ಲ. ಪಿವಿಸಿ ಅಷ್ಟೇ ಅಲ್ಲವೇ, ಕಾದರೆ ಬಾಗುತ್ತದೆ. ಬೇಸಿಗೆಯಲ್ಲಿ ಪ್ಲೇಟು ಕೊಂಡರೆ ನೇರ ಮನೆಗೆ ಬನ್ನಿ, ಊಟ ಆಮೇಲೆ.

ಹಳೆಯದು ಕೊಳ್ಳುವಾಗ ಪ್ಲೇಟಿಗೊಂದು, ಹೊದಿಕೆಗೊಂದು, ಎರಡು ದರ್ಜೆ ಇರುತ್ತದೆ. ‘ನಿಯರ್ ಮಿಂಟ್’ ಅಂದರೆ ಹೆಚ್ಚುಕಡಿಮೆ ಹೊಸದು, ‘ವಿಜಿ ಪ್ಲಸ್’ ಅಂದರೆ ತುಸು ಗೀರಿದ್ದರೂ ಕೇಳಲು ತೊಂದರೆಯಿಲ್ಲದ್ದು. ಆನ್‌ಲೈನಿನಲ್ಲಿ ಒಬ್ಬ ನನಗೆ ನಿಯರ್ ಮಿಂಟ್ ಅಂತ ಕಳಿಸಿದ ಪ್ಲೇಟನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಬೆಕ್ಕು ಪರಚಿದ ಸೋಫಾ ಕಂಡಿತು. ಅಂದಿನಿಂದ ಕೊಳ್ಳುವ ಮೊದಲೇ ಎರಡು ಫೋಟೋ ಕೇಳುತ್ತೇನೆ. ಒಂದು, ಓರೆ ಬೆಳಕಿನಲ್ಲಿ ಪ್ಲೇಟಿನ ಮೇಲ್ಮೈ. ಇನ್ನೊಂದು, ಹಾಡು ಮುಗಿದ ಮೇಲೆ ಲೇಬಲ್ಲಿನ ಸುತ್ತ ಉಳಿಯುವ ಖಾಲಿ ಪಟ್ಟಿ. ಅಲ್ಲಿ ಕೊರೆದಿರುವ ಅಕ್ಷರಗಳನ್ನು ಡಿಸ್ಕಾಗ್ಸ್ ಅನ್ನುವ ರೆಕಾರ್ಡುಗಳ ಜಾಲತಾಣದಲ್ಲಿ ಹೋಲಿಸಿ ನೋಡಿದರೆ ಯಾವ ವರ್ಷದ ಮುದ್ರಣ ಅನ್ನುವುದು ಬಹುಮಟ್ಟಿಗೆ ಗೊತ್ತಾಗುತ್ತದೆ. ಅಮೆರಿಕದಲ್ಲಿ ಈ ಬ್ಯಾಂಡಿನ ಪ್ಲೇಟು ತರುವ ಮ್ಯಾಟಡಾರ್ ಕಂಪನಿಯ ಸಂಖ್ಯೆಗಳು ‘ಓಎಲ್‌ಇ’ ಅಂತ ಶುರುವಾಗುತ್ತವೆ. ಯುರೋಪಿನಲ್ಲಿರುವವರ ಕೈಗೆ ಡಾಮಿನೋ ಕಂಪನಿಯ ಪ್ರತಿ ಬಂದರೆ ಕಳ್ಳಮಾಲು ಅಂತ ಗಾಬರಿಯಾಗಬೇಡಿ, ಅಲ್ಲಿ ಅವರೂ ತಂದಿದ್ದಾರೆ.

‘ವವೀ ಝವೀ’ (1995) ಕೊಳ್ಳುವವರಿಗೆ ಒಂದು ಎಚ್ಚರಿಕೆ. ಹದಿನೆಂಟು ಹಾಡು, ಎರಡು ಪ್ಲೇಟು, ಆದರೆ ಹಾಡಿರುವುದು ಮೂರೇ ಬದಿಯಲ್ಲಿ. ನಾಲ್ಕನೆಯದು ಖಾಲಿ. ಅದು ಮುದ್ರಣದ ತಪ್ಪಲ್ಲ, ವಾಪಸ್ ಕಳಿಸಬೇಡಿ. ಗೊತ್ತಿಲ್ಲದೆ ನಾನು ಒಂದು ರಾತ್ರಿ ಅದರ ಮೇಲೆ ಮುಳ್ಳು ಇಳಿಸಿದೆ. ಗೀರೇ ಇಲ್ಲದ ನುಣುಪಿನ ಮೇಲೆ ಅದು ಕೆರೆಯ ಪಾಚಿಯ ಮೇಲೆ ಕಾಲಿಟ್ಟವನ ಹಾಗೆ ಸರ್ರಂತ ಜಾರಿ ಲೇಬಲ್ಲಿನ ಕಡೆ ಓಡಿತು. ಸ್ಪೀಕರಿನಿಂದ ಬಂದ ಆ ಶಬ್ದ ಹೆಂಡತಿಯನ್ನು ಎಬ್ಬಿಸಿತು. ಟರ್ನ್‌ಟೇಬಲ್ಲಿನ ಆ್ಯಂಟಿ-ಸ್ಕೇಟ್ (ಮುಳ್ಳು ಒಳಕ್ಕೆ ಎಳೆದುಹೋಗದಂತೆ ತಡೆಯುವ ತಿರುಪು) ಸೊನ್ನೆಯಲ್ಲಿದೆ ಅಂತ ನನಗೆ ತಿಳಿದದ್ದೂ ಆಗಲೇ. ಮುಳ್ಳಿನ ಭಾರವನ್ನೂ ಅದೇ ರಾತ್ರಿ ಸರಿಮಾಡಿದೆ. ನನ್ನದು ಆಡಿಯೋ-ಟೆಕ್ನಿಕಾ ವಿಎಂ95ಇ, ಅದಕ್ಕೆ 2 ಗ್ರಾಂ. ನಿಮ್ಮ ಮುಳ್ಳಿಗೆ ಎಷ್ಟು ಅಂತ ಡಬ್ಬದ ಮೇಲಿರುತ್ತದೆ, ಅಂದಾಜಿನಲ್ಲಿ ಹಾಕಬೇಡಿ.

‘ಬ್ರೈಟನ್ ದ ಕಾರ್ನರ್ಸ್’ (1997) ಐದರಲ್ಲೂ ಅಚ್ಚುಕಟ್ಟು ಧ್ವನಿಯದ್ದು. ಹೊಸ ಟರ್ನ್‌ಟೇಬಲ್ ತಂದವರು ಮೊದಲು ಇದನ್ನೇ ಹಾಕಿ ನೋಡಲಿ.

ನನ್ನ ಅಳತೆಗೋಲಿಗೆ ಪೂರಾ ಒಪ್ಪುವ ಮರುಮುದ್ರಣ ಕೊನೆಯ ಆಲ್ಬಮ್ಮಿನದು. ‘ಟೆರರ್ ಟ್ವೈಲೈಟ್’ 1999ರಲ್ಲಿ ಬಂದದ್ದು, ಅದೇ ವರ್ಷ ಬ್ಯಾಂಡೂ ಚದುರಿತು. ನಿರ್ಮಾಪಕ ನೈಜೆಲ್ ಗಾಡ್ರಿಚ್, ಬ್ರಿಟನ್ನಿನ ರೇಡಿಯೋಹೆಡ್ ಬ್ಯಾಂಡಿನ ಜತೆ ‘ಓಕೆ ಕಂಪ್ಯೂಟರ್’ ಆಲ್ಬಮ್ ಮಾಡಿ ಬಂದವರು. ಎರಡು ಹಾಡಿನಲ್ಲಿ ರೇಡಿಯೋಹೆಡ್‌ನ ಜಾನಿ ಗ್ರೀನ್‌ವುಡ್ ಹಾರ್ಮೋನಿಕಾ ಊದಿದ್ದಾರೆ. ಗಾಡ್ರಿಚ್ ಹಾಡುಗಳನ್ನು ಒಂದು ಕ್ರಮದಲ್ಲಿ ಜೋಡಿಸಿದ್ದರು, ಆದರೆ ಆಲ್ಬಮ್ ಬಂದದ್ದು ಬೇರೆ ಕ್ರಮದಲ್ಲಿ. 2022ರ ‘ಫೇರ್‌ವೆಲ್ ಹೊರೈಝಾಂಟಲ್’ ಅನ್ನುವ ನಾಲ್ಕು ಪ್ಲೇಟಿನ ಆವೃತ್ತಿಯಲ್ಲಿ ಗಾಡ್ರಿಚ್ ಜೋಡಿಸಿದ ಕ್ರಮವೇ ಇದೆ. ಮೊದಲು ‘ಸ್ಪಿಟ್ ಆನ್ ಎ ಸ್ಟ್ರೇಂಜರ್’ ಮೆಲ್ಲಗೆ ಬಾಗಿಲು ತೆರೆದು ಒಳಗೆ ಕರೆಯುತ್ತಿತ್ತು. ಈಗ ‘ಪ್ಲಾಟ್‌ಫಾರ್ಮ್ ಬ್ಲೂಸ್’ ದಡಬಡ ನುಗ್ಗುತ್ತದೆ, ಹಾರ್ಮೋನಿಕಾ ಸಮೇತ, ಬೆನ್ನಿಗೇ ‘ದ ಹೆಕ್ಸ್’. ಆ ಮೆಲುದನಿಯ ಹಾಡು ಕಟ್ಟಕಡೆಗೆ ಹೋಗಿ ಕೂತಿದೆ. ಇಪ್ಪತ್ತು ವರ್ಷ ‘ಹೇಗಿದ್ದೀಯಾ’ ಎಂದು ಶುರುವಿನಲ್ಲಿ ಕೇಳಿದ ದನಿ ಈಗ ‘ಹೋಗಿ ಬಾ’ ಅಂದ ಹಾಗೆ ಕೇಳಿತು ನನಗೆ. ಫೋನಿನಲ್ಲಿ ಹಾಡುಗಳನ್ನು ಹೇಗೆ ಬೇಕಾದರೂ ತಿರುವಿ ಹಾಕಬಹುದು. ಪ್ಲೇಟಿನಲ್ಲಿ ಒತ್ತಿದ ಕ್ರಮವೇ ಕ್ರಮ, ಅದಕ್ಕೇ ಇದು ಪ್ಲೇಟಿನಲ್ಲೇ ಕೊಳ್ಳಬೇಕಾದದ್ದು. ಹಳೆಯ ಕ್ರಮವೇ ಬೇಕೆನ್ನುವವರು ಒಂಟಿ ಪ್ಲೇಟಿನ ಹಳೆ ಮುದ್ರಣ ಹುಡುಕಿ, ಹೊದಿಕೆಯ ಹಿಂಬದಿಯಲ್ಲಿ ಮೊದಲ ಹಾಡು ಯಾವುದು ಅಂತ ನೋಡಿಕೊಂಡೇ ದುಡ್ಡು ಕೊಡಿ.

ಮನೆಗೆ ತಂದ ಮೇಲೆ ಮೇಲಿನ ಪ್ಲಾಸ್ಟಿಕ್ಕನ್ನು ಪೂರ್ತಿ ಕಿತ್ತು ಹಾಕಿ, ಬಿಗಿಯಾಗಿ ಉಳಿದರೆ ವರ್ಷಗಳಲ್ಲಿ ಅದೂ ಪ್ಲೇಟನ್ನು ಬಾಗಿಸುತ್ತದೆ. ಬರಿ ಕಾಗದದ ಒಳಚೀಲ ಇದ್ದರೆ ಬದಲಿಸಿ. ಪ್ಲೇಟುಗಳನ್ನು ನಿಲ್ಲಿಸಿಯೇ ಇಡಿ, ಒಂದರ ಮೇಲೊಂದು ಪೇರಿಸಬೇಡಿ. ಹೊಸ ಪ್ಲೇಟಿಗೂ ಮೊದಲ ಸಲ ಬ್ರಷ್ ಹಾಕಿ, ಒಳಚೀಲದ ಕಾಗದಪುಡಿ ಅಂಟಿರುತ್ತದೆ.

ಊರಿಗೆ ಒಯ್ಯುವವರಿಗೆ ಇನ್ನೊಂದು ಮಾತು. ಪ್ಲೇಟನ್ನು ಹೊದಿಕೆಯಿಂದ ಹೊರತೆಗೆದು, ಒಳಚೀಲದೊಂದಿಗೆ ಹೊದಿಕೆಯ ಹಿಂದೆ ಇಡಿ. ಒಳಗೇ ಬಿಟ್ಟರೆ ಸೂಟ್‌ಕೇಸ್ ಬಿದ್ದಾಗ ಪ್ಲೇಟಿನ ಅಂಚು ಹೊದಿಕೆಯ ಹೊಲಿಗೆ ಸೀಳುತ್ತದೆ. ಎರಡೂ ಕಡೆ ರಟ್ಟು, ಸುತ್ತ ಸ್ವೆಟರ್, ಸೂಟ್‌ಕೇಸಿನ ನಟ್ಟನಡುವೆ. ನಾಲ್ಕು ಪ್ಲೇಟಿನ ಪೆಟ್ಟಿಗೆಯನ್ನು ತೂಕದ ಮೇಲಿಟ್ಟು ನೋಡಿದೆ, 23 ಕಿಲೋದಲ್ಲಿ ತಂಗಿ ಹೇಳಿದ ಬಾದಾಮಿಗೆ ಕತ್ತರಿ ಬೀಳುತ್ತದೆ. ಅವಳಿಗೆ ಇನ್ನೂ ಹೇಳಿಲ್ಲ.