ಲಿಂಬೆ ಬ್ಯಾಟರಿ: ದೀಪ ಹತ್ತದಿದ್ದರೆ ಹಣ್ಣನ್ನು ದೂರಬೇಡಿ

ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ, ಲಿಂಬೆಗೆ ಎರಡು ಲೋಹ ಚುಚ್ಚಿ ದೀಪ ಹತ್ತಿಸುವ ಲಿಂಬೆ ಬ್ಯಾಟರಿ ಕೈಕೊಟ್ಟರೆ ತಪ್ಪು ಹಣ್ಣಿನದಲ್ಲ. ವಿಜಯಪುರದ ಸಂತೆಯಲ್ಲಿ ಸಿಗುವ ಇಂಡಿ ಲಿಂಬೆಗೆ ರಸದ ಕೊರತೆಯಿಲ್ಲ. ಎಡವುವುದು ಲೋಹದಲ್ಲಿ, ಜೋಡಣೆಯಲ್ಲಿ.

4 ಲಿಂಬೆ, 4 ಜಿ.ಐ. ಮೊಳೆ (ಸತು ಲೇಪಿಸಿದ ಕಬ್ಬಿಣದ ಮೊಳೆ), ದಪ್ಪ ತಾಮ್ರದ ತಂತಿಯ 4 ತುಂಡು, ಕ್ಲಿಪ್ ಇರುವ 5 ವೈರ್, ಒಂದು ಕೆಂಪು ಎಲ್‌ಇಡಿ, ವೋಲ್ಟ್ ಅಳೆಯಲು ಮಲ್ಟಿಮೀಟರ್ ತನ್ನಿ. ಬಿಳಿ ಎಲ್‌ಇಡಿ ಬೇಡವೇ ಬೇಡ. ಕೆಂಪಿಗೆ ಸುಮಾರು 1.8 ವೋಲ್ಟ್ ಸಾಕು, ಬಿಳಿಗೆ 3ರ ಹತ್ತಿರ ಬೇಕು. ಟಾರ್ಚ್ ಬಲ್ಬಂತೂ ಹತ್ತುವುದೇ ಇಲ್ಲ. ಅದು ನೂರಾರು ಮಿಲಿಆಂಪಿಯರ್ ಕೇಳುತ್ತದೆ, ಲಿಂಬೆ 1 ಮಿಲಿಆಂಪಿಯರ್ ಕೊಟ್ಟರೂ ಹೆಚ್ಚು.

ಮೊಳೆ ಕೊಳ್ಳುವಾಗ ಹೊಳಪಿಗೆ ಮರುಳಾಗಬೇಡಿ. ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಥಳಥಳಿಸಿದರೂ ಅದರ ಮೇಲೆ ಸತು ಇರುವುದಿಲ್ಲ. ತಾಮ್ರದ ಬಣ್ಣದ ಅಗ್ಗದ ವೈರನ್ನು ಬ್ಲೇಡಿನಿಂದ ಕೆರೆದು ನೋಡಿ: ಒಳಗೆ ಬೆಳ್ಳಗಿದ್ದರೆ ಅದು ಅಲ್ಯೂಮಿನಿಯಂ, ವಾಪಸ್ ಕೊಡಿ. ಮೋಟಾರ್ ವೈಂಡಿಂಗ್ ತಂತಿಯಾದರೆ ಕರೆಂಟ್ ತಡೆಯುವ ಮೇಲಿನ ಎನಾಮಲ್ ಲೇಪವನ್ನು ಪೂರ್ತಿ ಕೆರೆಯಿರಿ.

ಲಿಂಬೆಯನ್ನು ಮೇಜಿನ ಮೇಲೆ ಒತ್ತಿ ಉರುಳಿಸಿ, ಒಳಗಿನ ರಸಕೋಶ ಒಡೆಯಲಿ. ಪ್ರತಿ ಲಿಂಬೆಗೂ ಒಂದು ಮೊಳೆ, ಒಂದು ತಾಮ್ರದ ತಂತಿಯನ್ನು 2 ಸೆಂ.ಮೀ. ಅಂತರದಲ್ಲಿ ಆಳಕ್ಕೆ ಚುಚ್ಚಿ. ಒಳಗೆ ಒಂದಕ್ಕೊಂದು ತಾಗಿದರೆ ಆ ಲಿಂಬೆ ಲೆಕ್ಕಕ್ಕಿಲ್ಲ.

ಈಗ ನಿಧಾನಿಸಿ. ಎಲ್ಲವನ್ನೂ ಒಮ್ಮೆಲೇ ಜೋಡಿಸಬೇಡಿ. ಮೀಟರನ್ನು ಡಿಸಿ 20 ವೋಲ್ಟಿಗಿಟ್ಟು ಮೊದಲು ಒಂದೇ ಲಿಂಬೆಯನ್ನು ಅಳೆಯಿರಿ, ಸುಮಾರು 0.9 ಬರಬೇಕು. ಅದರ ಮೊಳೆಯನ್ನು ಎರಡನೆಯದರ ತಾಮ್ರಕ್ಕೆ ಕ್ಲಿಪ್ ಮಾಡಿ, ಮತ್ತೆ ಅಳೆಯಿರಿ: 1.8. ಹೀಗೆ ನಾಲ್ಕಕ್ಕೆ 3.6ರ ಆಸುಪಾಸು ಬರುತ್ತದೆ. ಕೊನೆಯಲ್ಲೂ 1.8 ಮಾತ್ರ ತೋರಿಸಿದರೆ ಒಂದು ಲಿಂಬೆ ತಿರುವುಮುರುವಾಗಿದೆ. ಅದು ತನ್ನ 0.9 ಕೊಡದಿರುವುದಷ್ಟೇ ಅಲ್ಲ, ಉಳಿದವುಗಳಿಂದಲೂ 0.9 ಕಳೆಯುತ್ತದೆ. ಮಕ್ಕಳೇ ಅಳೆದು ತಪ್ಪು ಹುಡುಕಲಿ, ಸರಣಿ ಜೋಡಣೆ ಅರ್ಥವಾಗುವುದು ಇಲ್ಲಿಯೇ.

ಉಳಿದ ತಾಮ್ರದ ತುದಿಗೆ ಎಲ್‌ಇಡಿಯ ಉದ್ದ ಕಾಲು, ಮೊಳೆಯ ತುದಿಗೆ ಗಿಡ್ಡ ಕಾಲು. ಬೆಳಕು ಮಂದ, ಕಿಟಕಿ ಮುಚ್ಚಿ ನೋಡಿ. ಕ್ರಮೇಣ ಇನ್ನೂ ಮಂಕಾದರೆ ತಾಮ್ರದ ಮೇಲೆ ಹೈಡ್ರೋಜನ್ ಗುಳ್ಳೆ ಕೂತಿರಬಹುದು. ತೆಗೆದು ಒರೆಸಿ ಚುಚ್ಚಿ.

‘ಲಿಂಬೆಯಲ್ಲಿ ಕರೆಂಟ್ ಇದೆ’ ಎಂದು ಹೇಳಿಕೊಡಬೇಡಿ. ಒಂದೇ ಲಿಂಬೆಗೆ ಎರಡೂ ತಾಮ್ರದ ತಂತಿ ಚುಚ್ಚಿಸಿ, ಮೀಟರ್ ಹೆಚ್ಚುಕಡಿಮೆ ಸೊನ್ನೆಯಲ್ಲೇ ನಿಲ್ಲುತ್ತದೆ. ರಸದಲ್ಲಿ ಸತು ಕರಗುವಾಗ ಬಿಡುಗಡೆಯಾಗುವ ರಾಸಾಯನಿಕ ಶಕ್ತಿ ವಿದ್ಯುತ್ತಾಗಿ, ಎಲ್‌ಇಡಿಯಲ್ಲಿ ಬೆಳಕಾಗುತ್ತದೆ. ಸತು ಕರಗಿರುವುದರಿಂದಲೇ ಆ ಲಿಂಬೆಯನ್ನು ಪಾನಕಕ್ಕೆ ಹಿಂಡಬಾರದು, ಎಸೆದುಬಿಡಿ.