ಹೊಸ ಬ್ಯಾಟರಿ ತರುವ ಮುಂಚೆ ಕರೆಂಟ್ ಸೋರುತ್ತಿದೆಯಾ ನೋಡಿ

ಎರಡು ದಿನ ಕಾರು ನಿಲ್ಲಿಸಿದರೆ ಸಾಕು, ಮೂರನೇ ದಿನ ಸೆಲ್ಫ್ ಹೊಡೆಯುತ್ತಿರಲಿಲ್ಲ. ಬ್ಯಾಟರಿ ಹೋಗಿದೆ ಅಂದರು, ಹೊಸದು ಹಾಕಿಸಿದೆ. ಮುಂದಿನ ವಾರವೇ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೊರಡೋಣ ಅಂತ ಎಲ್ಲರೂ ಹತ್ತಿ ಕೂತ ಮೇಲೆ ಮತ್ತೆ ಅದೇ ಟಕ್ ಟಕ್.

ಕಾರು ಆಫ್ ಆಗಿದ್ದಾಗಲೂ ಏನೋ ಒಂದು ಬ್ಯಾಟರಿಯಿಂದ ಕರೆಂಟ್ ಎಳೆಯುತ್ತಿದ್ದರೆ ಹೀಗಾಗುತ್ತದೆ. ಆ ಸೋರಿಕೆಯನ್ನು ಮನೆಯಲ್ಲೇ ಅಳೆಯಬಹುದು. ಡಿಸಿ 10 ಆಂಪ್ಸ್ ಇರುವ ಮಲ್ಟಿಮೀಟರ್ (ಕರೆಂಟ್, ವೋಲ್ಟ್ ಅಳೆಯುವ ಮೀಟರ್) ಮತ್ತು 10 ನಂಬರ್ ಸ್ಪ್ಯಾನರ್ ಬೇಕು. ಮೀಟರಿನ ಕಪ್ಪು ವೈರ್ ಕಾಮ್ (COM) ತೂತಿಗೆ, ಕೆಂಪು ವೈರ್ 10 ಆಂಪ್ಸ್ ತೂತಿಗೆ. ಮಿಲಿಆಂಪ್ಸ್ ತೂತಿಗೆ ಹಾಕಿದರೆ ಮೀಟರಿನ ಫ್ಯೂಸ್ ಹೋಗುತ್ತದೆ.

ಕೀ ತೆಗೆದು, ಲೈಟು, ಸ್ಟೀರಿಯೋ ಎಲ್ಲ ಆಫ್ ಮಾಡಿ. ಫ್ಯೂಸ್ ಬಾಕ್ಸ್ ಡ್ಯಾಶ್‌ಬೋರ್ಡ್ ಕೆಳಗಿದ್ದರೆ ಆ ಕಡೆಯ ಕಾರಿನ ಬಾಗಿಲು ತೆರೆದೇ ಇರಲಿ, ಆದರೆ ಅದರ ಲಾಕನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಬಾಗಿಲು ಮುಚ್ಚಿದ ಹಾಗೆ ಮಾಡಿ, ಇಲ್ಲದಿದ್ದರೆ ಒಳಗಿನ ಲೈಟ್ ಉರಿದು ಲೆಕ್ಕ ಕೆಡುತ್ತದೆ. ಈಗ ನೆಗೆಟಿವ್ ಕೇಬಲ್ ಬಿಚ್ಚಿ. ಕೆಂಪು ಕಡ್ಡಿ ಬಿಚ್ಚಿದ ಕೇಬಲ್ಲಿಗೆ, ಕಪ್ಪು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ. ಅಂದರೆ ಕರೆಂಟ್ ಮೀಟರಿನ ಒಳಗಿಂದಲೇ ಹರಿಯಬೇಕು. ವೋಲ್ಟ್ ನೋಡುವ ಹಾಗೆ ಪ್ಲಸ್ಸಿಗೂ ಮೈನಸ್ಸಿಗೂ ಕಡ್ಡಿ ಇಟ್ಟರೆ ನೇರ ಶಾರ್ಟ್, ಕೈ ಸುಟ್ಟೀತು! ಮೀಟರ್ ಹಾಕಿಕೊಂಡು ಸೆಲ್ಫ್ ಹೊಡೆಯಲೇಬೇಡಿ, ಅದು ನೂರಕ್ಕೂ ಜಾಸ್ತಿ ಆಂಪ್ಸ್ ಎಳೆಯುತ್ತದೆ.

ಮೊದಲಿಗೆ ದೊಡ್ಡ ನಂಬರ್ ಕಂಡರೆ ಗಾಬರಿ ಬೇಡ. ಈಗಿನ ಕಾರುಗಳ ಕಂಪ್ಯೂಟರ್‌ಗಳು ಮಲಗಲು ಅರ್ಧ ಗಂಟೆ ಬೇಕಾಗಬಹುದು, ಅಷ್ಟರಲ್ಲಿ ಒಂದು ಪ್ಲೇಟ್ ಮಂಡಕ್ಕಿ ಮಿರ್ಚಿ ಮುಗಿಸಬಹುದು ಅಲ್ವಾ. ಆಮೇಲೂ 0.05 ಆಂಪ್ಸ್ ಒಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ನನ್ನದು 0.43ರಲ್ಲೇ ನಿಂತಿತ್ತು. ಅಂದರೆ ದಿನಕ್ಕೆ ಸುಮಾರು 10 ಆಂಪಿಯರ್ ಅವರ್ (ಬ್ಯಾಟರಿಯ ಚಾರ್ಜಿನ ಅಳತೆ) ಖಾಲಿ, ಬ್ಯಾಟರಿ ಇರುವುದೇ 35ರದ್ದು.

ಇನ್ನು ಒಂದೊಂದೇ ಫ್ಯೂಸ್ ಕಿತ್ತು ಮೀಟರ್ ನೋಡಿ, ಮತ್ತೆ ಅದೇ ಜಾಗಕ್ಕೆ ಹಾಕಿ. ಒಳಗಿನ ಲೈಟಿನ ಫ್ಯೂಸ್ ಕಿತ್ತ ಕೂಡಲೇ 0.03ಕ್ಕೆ ಇಳಿಯಿತು. ಆದರೆ ಯಾವ ಲೈಟೂ ಉರಿಯುತ್ತಿರಲಿಲ್ಲ! ಫ್ಯೂಸ್ ವಾಪಸ್ ಹಾಕಿ, ಅನುಮಾನಕ್ಕೆ ಮೊಬೈಲಿನಲ್ಲಿ ವಿಡಿಯೋ ಆನ್ ಮಾಡಿ ಗ್ಲೋವ್ ಬಾಕ್ಸಿನಲ್ಲಿಟ್ಟು ಮುಚ್ಚಿದೆ. ತೆಗೆದು ನೋಡಿದರೆ, ಮುಚ್ಚಿದ ಮೇಲೂ ಒಳಗಿನ 5 ವ್ಯಾಟಿನ ಬಲ್ಬ್ ಹಾಯಾಗಿ ಉರಿಯುತ್ತಿದೆ. ಅದರ ಸ್ವಿಚ್ ಸಿಕ್ಕಿಹಾಕಿಕೊಂಡಿತ್ತು.

ಬಲ್ಬ್ ಕಿತ್ತು ಇಟ್ಟೆ. ಹಳೇ ಬ್ಯಾಟರಿಯನ್ನು ಅಷ್ಟರಲ್ಲಾಗಲೇ ಎಕ್ಸ್‌ಚೇಂಜಿಗೆ ಕೊಟ್ಟಾಗಿತ್ತು.